ಇಲ್ಲದ ರೋಗವನ್ನು ಹುಡುಕುವುದೇಕೆ?

ಕಳೆದ ವರ್ಷ ನಮ್ಮ ಪರಿಚಯದ ಕುಟುಂಬವೊಂದರ ಒಂಬತ್ತು ವರ್ಷದ ಬಾಲಕಿ ಮೂರೇ ವಾರಗಳಲ್ಲಿ ಹೆತ್ತವರ ಕಣ್ಣೆದುರು ಸೊರಗಿ ಹೋದಳು. ಶಾಲೆಗೆ ಕೊಂಡೊಯ್ಯುವ ನೀರಿನ ಬಾಟಲಿ ಅವಳಿಗೆ ಸಾಲದಾಯಿತು. ರಾತ್ರಿ ನಾಲ್ಕೈದು ಬಾರಿ ಎದ್ದು ಮೂತ್ರಕ್ಕೆ ಹೋಗತೊಡಗಿದಳು. ಎಂದೋ ನಿಂತು ಹೋಗಿದ್ದ ಹಾಸಿಗೆ ಒದ್ದೆಯಾಗುವ ತೊಂದರೆ ಮರಳಿತು. ಸಮವಸ್ತ್ರ ಸಡಿಲವಾಯಿತು. ಬೇಸಗೆಯ ಬಾಯಾರಿಕೆ ಎಂದರು ಮನೆಯವರು. ನಜರ್ ತಗುಲಿದೆ ಎಂದರು ನೆರೆಯವರು. ಕೊರಳಿಗೊಂದು ತಾವೀಝ್ ಬಿತ್ತು. ವಾಂತಿ ಆರಂಭವಾದಾಗ ಸಮೀಪದ ಕ್ಲಿನಿಕ್ಕೊಂದರಲ್ಲಿ ನಿಶ್ಶಕ್ತಿಯೆಂದು ಹೇಳಿ ಗ್ಲೂಕೋಸ್ ಡ್ರಿಪ್ ಏರಿಸಲಾಯಿತು. ಅದೇ ರಾತ್ರಿ ಮಗುವಿನ ಪ್ರಜ್ಞೆ ತಪ್ಪಿತು. ದೂರದ ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಿಸಿದಾಗ, ಸಕ್ಕರೆಯ ಪ್ರಮಾಣ ಆ ಪುಟ್ಟ ಯಂತ್ರ ಅಳೆಯಬಲ್ಲ ಮಿತಿಯನ್ನೇ ದಾಟಿತ್ತು.

ಅಲ್ಲಾಹನ ಅನುಗ್ರಹದಿಂದ ಮಗು ಉಳಿಯಿತು. ಇಂದು ಅವಳು ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ, ಓದುತ್ತಿದ್ದಾಳೆ, ತಮ್ಮನೊಂದಿಗೆ ಜಗಳವಾಡುತ್ತಿದ್ದಾಳೆ. ಆದರೆ ಈ ಲೇಖನಕ್ಕೆ ಪ್ರೇರಣೆಯಾದದ್ದು ಆ ಬಾಲಕಿಯಲ್ಲ, ಅವಳ ಆರು ವರ್ಷದ ತಮ್ಮ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ವೈದ್ಯರು ತಂದೆಯನ್ನು ಕರೆದು, “ತಮ್ಮನ ರಕ್ತವನ್ನೂ ಒಮ್ಮೆ ಪರೀಕ್ಷಿಸಬಹುದು. ಅವನಿಗೆ ಮುಂದೆ ಈ ರೋಗ ಬರುವ ಸಾಧ್ಯತೆ ಇದೆಯೇ ಎಂದು ಈಗಲೇ ತಿಳಿಯುತ್ತದೆ” ಎಂದರು. ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ತಂದೆ ಒಪ್ಪಿದರು, ತಾಯಿ ಸುಮ್ಮನಿದ್ದರು. ನಾನಿ ಮಾತ್ರ ಖಡಾಖಂಡಿತವಾಗಿ ನಿರಾಕರಿಸಿದರು. “ಆಡಿಕೊಂಡಿರುವ ಮಗು ಅದು. ಇಲ್ಲದ ರೋಗವನ್ನು ಹುಡುಕಿ ಮನೆಗೆ ತರಬೇಡಿ” ಎಂಬುದು ಅವರ ಮಾತು. ಆ ಬಳಿಕ ತಾಯಿ ನಮಗೆ ಫೋನ್ ಮಾಡಿ, “ಮೌಲವಿಯವರೇ, ನೀವೇನು ಹೇಳುತ್ತೀರಿ?” ಎಂದು ಕೇಳಿದರು.

ನಾವು ವೈದ್ಯರಲ್ಲ. ಆದರೆ ಈ ಪ್ರಶ್ನೆಯನ್ನು ವೈದ್ಯರೊಬ್ಬರೇ ಉತ್ತರಿಸಲಾಗದು. ಮಗುವಿನ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನು ಪ್ರಯೋಗಾಲಯ ಹೇಳಬಲ್ಲುದು. ಅದನ್ನು ತಿಳಿದುಕೊಳ್ಳಬೇಕೇ, ತಿಳಿದ ಮೇಲೆ ಆ ಮನೆ ಹೇಗೆ ಬದುಕಬೇಕು, ನೆರೆಹೊರೆಯವರು ಏನನ್ನುತ್ತಾರೆ ಎಂಬುದೆಲ್ಲ ಪ್ರಯೋಗಾಲಯದ ವ್ಯಾಪ್ತಿಗೆ ಬರುವುದಿಲ್ಲ. ಜರ್ಮನಿ, ಇಟಲಿ, ಇಂಗ್ಲೆಂಡ್‌ಗಳಲ್ಲಿ ಲಕ್ಷಾಂತರ ಹೆತ್ತವರು ಕಳೆದ ಕೆಲವು ವರ್ಷಗಳಿಂದ ಇದೇ ಪ್ರಶ್ನೆಯನ್ನು ಎದುರಿಸುತ್ತಿದ್ದಾರೆ. ಅವರ ಅನುಭವವನ್ನು ಓದಿದಾಗ, ನಾನಿಯ ಮಾತು ನಮ್ಮ ಊರಿನದು ಮಾತ್ರವಲ್ಲ ಎಂಬುದು ನಮಗೆ ಮನವರಿಕೆಯಾಯಿತು.

ಮೊದಲು ರೋಗದ ಬಗ್ಗೆ ಎರಡು ಮಾತು. ನಮ್ಮ ಮನೆಗಳಲ್ಲಿ ‘ಶುಗರ್’ ಎಂದರೆ ಐವತ್ತು ದಾಟಿದವರ ಕಾಯಿಲೆ. ಬಿರಿಯಾನಿ, ಮಿಠಾಯಿ, ಬೊಜ್ಜು, ನಡಿಗೆಯಿಲ್ಲದ ಜೀವನ ಎಂದೆಲ್ಲ ಅದಕ್ಕೆ ಕಾರಣಗಳನ್ನು ಹುಡುಕುತ್ತೇವೆ. ಮಕ್ಕಳಿಗೆ ಬರುವ ಟೈಪ್ 1 ಮಧುಮೇಹಕ್ಕೂ ಇವುಗಳಿಗೂ ಸಂಬಂಧವಿಲ್ಲ. ಮಗು ಸಿಹಿ ತಿಂದದ್ದರಿಂದ ಅದು ಬರುವುದಿಲ್ಲ, ತಾಯಿ ಬಸುರಿಯಲ್ಲಿ ಏನನ್ನೋ ತಿಂದದ್ದರಿಂದಲೂ ಬರುವುದಿಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಉಂಡ ಅನ್ನ ದೇಹಕ್ಕೆ ಹತ್ತುವುದಿಲ್ಲ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳು ಹಸಿದಿರುತ್ತವೆ. ದೇಹ ತನ್ನ ಕೊಬ್ಬನ್ನೇ ಕರಗಿಸತೊಡಗಿದಾಗ ರಕ್ತದಲ್ಲಿ ಆಮ್ಲ ಶೇಖರವಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಕೊನೆಗೆ ಪ್ರಜ್ಞಾಹೀನತೆ. ವೈದ್ಯರು ಕೀಟೋಅಸಿಡೋಸಿಸ್ ಎನ್ನುವುದು ಇದನ್ನೇ. ಆ ಬಾಲಕಿ ತಲುಪಿದ್ದು ಈ ಹಂತವನ್ನು.

1922ರ ಜನವರಿಯವರೆಗೆ ಈ ರೋಗ ತಗುಲಿದ ಮಗುವಿಗೆ ಸಾವು ಖಚಿತವಾಗಿತ್ತು. ಆ ತಿಂಗಳು ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಪ್ರಪ್ರಥಮ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅಂದಿನಿಂದ ಇದು ಸಾವಿನ ರೋಗವಾಗಿ ಉಳಿದಿಲ್ಲ. ಆದರೂ ನೂರು ವರ್ಷಗಳ ನಂತರ ಮಕ್ಕಳು ಇದರಿಂದ ಸಾಯುತ್ತಿದ್ದಾರೆ. ಮದ್ದು ಇಲ್ಲದ್ದರಿಂದಲ್ಲ, ರೋಗವನ್ನು ಗುರುತಿಸುವುದು ತಡವಾಗುವುದರಿಂದ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ನಮ್ಮ ನಾಡಿನ ಪ್ರಾಚೀನ ವೈದ್ಯರು ಮಧುಮೇಹವನ್ನು ಗುರುತಿಸಿದ್ದರು. ಇಂದು ನಾವು ಅಷ್ಟನ್ನೂ ಗಮನಿಸುತ್ತಿಲ್ಲವೇನೋ ಎಂದು ಕೆಲವೊಮ್ಮೆ ಅನಿಸುತ್ತದೆ.

ಇರುವೆ ಮುತ್ತುವುದಕ್ಕೂ ವರ್ಷಗಳ ಮುಂಚೆ ರೋಗ ಆರಂಭವಾಗಿರುತ್ತದೆ ಎಂಬುದು ಆಧುನಿಕ ವಿಜ್ಞಾನದ ಸಂಶೋಧನೆ. ರಕ್ಷಣಾ ವ್ಯವಸ್ಥೆ ದಾಳಿ ಆರಂಭಿಸಿದಾಗ ರಕ್ತದಲ್ಲಿ ಕೆಲವು ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಮುಖ್ಯವಾಗಿ ನಾಲ್ಕು ಬಗೆಯ ಪ್ರತಿಕಾಯಗಳನ್ನು ಪರೀಕ್ಷೆಯಲ್ಲಿ ಹುಡುಕಲಾಗುತ್ತದೆ. ಜರ್ಮನಿ, ಫಿನ್ಲೆಂಡ್ ಮತ್ತು ಅಮೆರಿಕದ ಕೊಲರಾಡೊದಲ್ಲಿ 13 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೇ ಅನುಸರಿಸಿದ ಅಧ್ಯಯನಗಳ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳಿದ್ದ ಮಕ್ಕಳ ಪೈಕಿ ಶೇ. 70ರಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮಧುಮೇಹ ಬಂದಿತ್ತು. ಒಂದೇ ಬಗೆಯ ಪ್ರತಿಕಾಯವಿದ್ದವರಲ್ಲಿ ಈ ಪ್ರಮಾಣ ಶೇ. 15ನ್ನೂ ತಲುಪಲಿಲ್ಲ. ಇದರ ನಂತರ, 2015ರಲ್ಲಿ, ತಜ್ಞರು ರೋಗವನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಎರಡು ಪ್ರತಿಕಾಯಗಳಿದ್ದು ಸಕ್ಕರೆ ಸಹಜವಾಗಿರುವುದು ಒಂದನೇ ಹಂತ, ಸಕ್ಕರೆ ಏರುಪೇರಾಗತೊಡಗಿದರೆ ಎರಡನೆಯದು, ಮಧುಮೇಹವೇ ಪ್ರಕಟವಾದರೆ ಮೂರನೆಯದು.

ಅಂದರೆ ವೈದ್ಯರ ಭಾಷೆಯಲ್ಲಿ, ಒಂದನೇ ಹಂತದಲ್ಲಿರುವ ಮಗು ‘ಆರೋಗ್ಯವಂತ’ ಮಗು ಅಲ್ಲ. ಅದಕ್ಕೆ ರೋಗ ಈಗಾಗಲೇ ಇದೆ, ಲಕ್ಷಣಗಳಿಲ್ಲ ಅಷ್ಟೆ. ನಾನಿಯ ಭಾಷೆಯಲ್ಲಿ ಅದು ಆಡಿಕೊಂಡಿರುವ ಮಗು. ಈ ಎರಡು ಭಾಷೆಗಳ ನಡುವಿನ ಕಂದಕದಲ್ಲಿ ಹೆತ್ತವರು ನಿಂತಿದ್ದಾರೆ.

ನಾನಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಸುಧಾರಣೆಯ ಬಗ್ಗೆ ಬರೆಯುವ ನಮ್ಮಂಥವರಿಗೆ ಆ ಚಟ ಸ್ವಲ್ಪ ಹೆಚ್ಚೇ ಇದೆ. ಆದರೆ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ತಜ್ಞರು ಸಾಮೂಹಿಕ ರೋಗ ತಪಾಸಣೆಗೆ ಮಾನದಂಡಗಳನ್ನು ರೂಪಿಸಿದಾಗ ಹೇಳಿದ್ದೂ ಬಹುತೇಕ ಇದನ್ನೇ. ಪತ್ತೆಯಾದ ರೋಗಕ್ಕೆ ಒಪ್ಪಿತ ಚಿಕಿತ್ಸೆ ಇರಬೇಕು, ಆ ಚಿಕಿತ್ಸೆ ಪಡೆಯುವ ಸೌಕರ್ಯ ಇರಬೇಕು. ಇಲ್ಲವಾದರೆ ಹುಡುಕಬಾರದು. ಮಾಡಲು ಏನೂ ಇಲ್ಲದಿದ್ದಾಗ ಆರೋಗ್ಯವಾಗಿರುವ ಮಗುವಿನ ತಾಯಿಗೆ “ನಿನ್ನ ಮಗುವಿಗೆ ಮುಂದೊಂದು ದಿನ ಈ ರೋಗ ಬರಲಿದೆ” ಎಂದು ಹೇಳುವುದು ಜ್ಞಾನವೇ, ಹಿಂಸೆಯೇ? ಈ ಪ್ರಶ್ನೆಗೆ ತೃಪ್ತಿಕರ ಉತ್ತರವಿಲ್ಲದ್ದರಿಂದಲೇ ದಶಕಗಳ ಕಾಲ ಈ ಪರೀಕ್ಷೆ ಸಂಶೋಧಕರ ಕೋಣೆಯಿಂದ ಹೊರಬರಲಿಲ್ಲ.

ಪರಿಸ್ಥಿತಿ ಬದಲಾಗತೊಡಗಿದ್ದು ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ. ಮ್ಯೂನಿಕ್‌ನ ವಿಜ್ಞಾನಿ ಆನೆಟ್ ಗೇಬ್ರಿಯೆಲ್ ಝೀಗ್ಲರ್ ಅವರ ನೇತೃತ್ವದಲ್ಲಿ 2015ರಲ್ಲಿ ‘ಫ್ರಿಡಾ’ ಎಂಬ ಯೋಜನೆ ಆರಂಭವಾಯಿತು. ಮಗು ಮಾಮೂಲಿ ತಪಾಸಣೆಗೆ ಮಕ್ಕಳ ವೈದ್ಯರ ಬಳಿ ಹೋದಾಗಲೇ ಬೆರಳಿನಿಂದ ಕೆಲವು ಹನಿ ರಕ್ತ ತೆಗೆದು ಕಳುಹಿಸಲಾಗುತ್ತಿತ್ತು. ಹೆತ್ತವರು ಒಪ್ಪಿದರೆ ಮಾತ್ರ, ಅದೂ ಉಚಿತವಾಗಿ. ಮೊದಲ ನಾಲ್ಕು ವರ್ಷಗಳಲ್ಲಿ ಸುಮಾರು ಎರಡರಿಂದ ಆರು ವರ್ಷದೊಳಗಿನ 90,632 ಮಕ್ಕಳ ಪರೀಕ್ಷೆ ನಡೆಯಿತು. 280 ಮಕ್ಕಳಲ್ಲಿ ರೋಗದ ಆರಂಭಿಕ ಹಂತ ಪತ್ತೆಯಾಯಿತು. ಸಾವಿರಕ್ಕೆ ಮೂವರು. ಆ ಮಕ್ಕಳ ಹೆತ್ತವರನ್ನು ಕರೆಸಿ ಲಕ್ಷಣಗಳಾವುವು, ಸಕ್ಕರೆ ಅಳೆಯುವುದು ಹೇಗೆ, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಕಲಿಸಲಾಯಿತು. ಅಧ್ಯಯನದ ಅವಧಿಯಲ್ಲಿ ಅವರ ಪೈಕಿ 62 ಮಕ್ಕಳಿಗೆ ಮಧುಮೇಹ ಪ್ರಕಟವಾಯಿತು. ಕೀಟೋಅಸಿಡೋಸಿಸ್‌ಗೆ ತುತ್ತಾದವರು ಇಬ್ಬರು ಮಾತ್ರ. ತಪಾಸಣೆಯಿಲ್ಲದೆ ರೋಗ ಪತ್ತೆಯಾಗುವ ಮಕ್ಕಳಲ್ಲಿ ಜರ್ಮನಿಯಂಥ ದೇಶದಲ್ಲೇ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಆ ಅಪಾಯದ ಹಂತ ತಲುಪಿಯೇ ಆಸ್ಪತ್ರೆಗೆ ಬರುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ 280 ಮನೆಗಳಿಗೆ ಯಾವ ಪವಾಡದ ಔಷಧಿಯನ್ನೂ ಕೊಡಲಿಲ್ಲ. ಕೊಟ್ಟದ್ದು ತಿಳಿವಳಿಕೆಯನ್ನು ಮತ್ತು ಒಂದು ಪುಟ್ಟ ಸಕ್ಕರೆ ಅಳೆಯುವ ಯಂತ್ರವನ್ನು. ತಾಯಿಗೆ ಬಾಯಾರಿಕೆಯ ಅರ್ಥ ಮುಂಚಿತವಾಗಿ ಗೊತ್ತಿತ್ತು. ಮಗು ತೀವ್ರ ನಿಗಾ ಘಟಕಕ್ಕೆ ಹೋಗುವ ಬದಲು ವೈದ್ಯರ ಕೋಣೆಗೆ ನಡೆದುಕೊಂಡೇ ಹೋಯಿತು.

ಔಷಧಿಯೂ ನಂತರ ಬಂತು. ಎರಡನೇ ಹಂತದಲ್ಲಿದ್ದ 76 ಮಂದಿಯ ಮೇಲೆ ನಡೆದ ಟೆಪ್ಲಿಜುಮಾಬ್ ಎಂಬ ಔಷಧಿಯ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹದಿನಾಲ್ಕು ದಿನ ನರದ ಮೂಲಕ ಕೊಡುವ ಈ ಔಷಧಿ ರೋಗದ ಆಗಮನವನ್ನು ಸರಾಸರಿ ಎರಡು ವರ್ಷ ಮುಂದೂಡಿತು. 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಂಟು ವರ್ಷ ಮೇಲ್ಪಟ್ಟವರಿಗೆ ಇದನ್ನು ಅಂಗೀಕರಿಸಿತು. ಆಗ ಅಲ್ಲಿ ಘೋಷಿಸಿದ ಬೆಲೆ ಒಂದು ಸರದಿಗೆ 1,93,900 ಡಾಲರ್. ನಮ್ಮ ರೂಪಾಯಿಯಲ್ಲಿ ಒಂದೂವರೆ ಕೋಟಿಗೂ ಹೆಚ್ಚು. ಎರಡು ವರ್ಷ ಸಣ್ಣ ಅವಧಿಯಲ್ಲ. ಐದನೇ ತರಗತಿಯ ಮಗುವೊಂದು ಸೂಜಿಯಿಲ್ಲದೆ ಏಳನೇ ತರಗತಿಗೆ ತಲುಪಬಹುದು. ಆದರೆ ಒಂದೂವರೆ ಕೋಟಿ ರೂಪಾಯಿಯ ಮಾತನ್ನು ನಮ್ಮ ಊರಿನ ಬೀಡಿ ಕಾರ್ಮಿಕನ ಮುಂದೆ, ಆಟೋ ಚಾಲಕನ ಮುಂದೆ ಆಡುವುದು ಕ್ರೂರ ಹಾಸ್ಯವಾಗುತ್ತದೆ.

ಸರಿ, ಹೆತ್ತವರು ಏನೆನ್ನುತ್ತಾರೆ? 2004ರಲ್ಲಿ ಆರಂಭವಾದ ‘ಟೆಡ್ಡಿ’ ಅಧ್ಯಯನಕ್ಕಾಗಿ ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ವಂಶವಾಹಿ ಪರೀಕ್ಷೆ ನಡೆಯಿತು. ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಲಾಯಿತು. ಪ್ರತಿಕಾಯ ಪತ್ತೆಯಾಗಿದೆ ಎಂಬ ಸುದ್ದಿ ತಿಳಿದಾಗ ತಾಯಂದಿರ ಆತಂಕ ಏರಿತು, ತಂದೆಯಂದಿರಿಗಿಂತ ಹೆಚ್ಚು ಏರಿತು. ತಿಂಗಳುಗಳು ಕಳೆದಂತೆ ಅದು ತಗ್ಗಿತು. ಬವೇರಿಯಾದಲ್ಲೂ ಅದೇ ಅನುಭವ. ಸ್ವಾರಸ್ಯದ ಸಂಗತಿಯೆಂದರೆ, ಅಪಾಯದ ಬಗ್ಗೆ ವಿವರವಾಗಿ ಹೇಳಿದ್ದರೂ ಅನೇಕ ಹೆತ್ತವರು “ನಮ್ಮ ಮಗುವಿಗೆ ಬರಲಾರದು” ಎಂದೇ ನಂಬಿದ್ದರು. ವಿದ್ಯಾವಂತ ಸ್ವೀಡನ್, ಸಂಪನ್ನ ಅಮೆರಿಕ! ಇಲ್ಲದ ರೋಗವನ್ನು ಹುಡುಕಬೇಡಿ ಎಂದ ನಾನಿಗೂ ಅವರಿಗೂ ಇರುವ ಅಂತರ ನಾವು ಭಾವಿಸಿದಷ್ಟು ದೊಡ್ಡದಲ್ಲ. ಮಗುವಿನ ಕೆಡುಕನ್ನು ಕಲ್ಪಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಅದು ಪ್ರೀತಿಯ ಸ್ವಭಾವ.

ಮತ್ತೊಂದು ಬಗೆಯ ತಾಯಂದಿರೂ ಇದ್ದಾರೆ. ರೋಗ ತಡೆಯಲು ಇಂತಹ ಆಹಾರ ಬೇಕೆಂದು ಯಾರೂ ಹೇಳದಿದ್ದರೂ ಮಗುವಿನ ಊಟವನ್ನು ಬದಲಿಸಿದವರು, ಸಿಹಿಯನ್ನು ಬಚ್ಚಿಟ್ಟವರು, ಆಟಕ್ಕೆ ಹೋದ ಮಗುವನ್ನು ಕ್ಷಣಕ್ಷಣಕ್ಕೂ ಗಮನಿಸಿದವರು. ಈ ಭಯವೂ ವಾಸ್ತವ. ಪರೀಕ್ಷೆಯನ್ನು ಸಮರ್ಥಿಸುವವರು ಈ ಭಯವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಒಂದೇ ಪ್ರತಿಕಾಯವಿರುವ ಮಗುವಿನ ತಾಯಿಯ ಸ್ಥಿತಿಯಂತೂ ಇನ್ನೂ ಕಷ್ಟ. ಅವಳಿಗೆ ‘ಹೌದು’ ಎಂದೂ ಹೇಳುವಂತಿಲ್ಲ, ‘ಇಲ್ಲ’ ಎಂದೂ ಹೇಳುವಂತಿಲ್ಲ. ಇಂದು ಏನೂ ಕಾಣದ ಮಗುವಿಗೂ ಅದು ಜೀವಮಾನದ ಪ್ರಮಾಣ ಪತ್ರವಲ್ಲ. ಎರಡರ ವಯಸ್ಸಿನಲ್ಲೊಮ್ಮೆ, ಆರರ ಹೊತ್ತಿಗೆ ಇನ್ನೊಮ್ಮೆ ನೋಡುವುದು ಸೂಕ್ತವೆಂದು ತಜ್ಞರು ಹೇಳುತ್ತಾರೆ.

ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಪಾರ್ಥ್ ನರೇಂದ್ರನ್ ಅವರ ನೇತೃತ್ವದಲ್ಲಿ 2022ರಲ್ಲಿ ಆರಂಭವಾದ ‘ಎಲ್ಸಾ’ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದೆನಿಸಿತು. ಮೀರ್‌ಪುರ, ಸಿಲ್ಹೆಟ್, ಪಂಜಾಬ್‌ಗಳಿಂದ ವಲಸೆ ಹೋದ ಬಹಳಷ್ಟು ಕುಟುಂಬಗಳಿರುವ ನಗರ ಅದು. ಮೂರರಿಂದ ಹದಿಮೂರು ವರ್ಷದವರೆಗಿನ 17 ಸಾವಿರಕ್ಕೂ ಹೆಚ್ಚು ಮಕ್ಕಳ ಬೆರಳ ರಕ್ತವನ್ನು ಅಲ್ಲಿ ಪರೀಕ್ಷಿಸಲಾಯಿತು. ಕೆಲವು ಮಕ್ಕಳಿಗೆ ಮಧುಮೇಹ ಆಗಲೇ ಪ್ರಕಟವಾಗಿತ್ತು, ಹೆತ್ತವರಿಗೆ ಅದರ ಸುಳಿವೂ ಇರಲಿಲ್ಲ. ಅವರಿಗೆ ಕೂಡಲೇ ಇನ್ಸುಲಿನ್ ಆರಂಭಿಸಬೇಕಾಯಿತು. ಆ ಮಕ್ಕಳ ಪಾಲಿಗೆ ಹುಡುಕಾಟ ರೋಗವನ್ನು ಮನೆಗೆ ತರಲಿಲ್ಲ. ಅದಾಗಲೇ ಮನೆಯೊಳಗೆ ಕುಳಿತಿತ್ತು.

ಇಟಲಿ ಇನ್ನೂ ಮುಂದೆ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಂಸತ್ತು, ಒಂದರಿಂದ ಹದಿನೇಳು ವರ್ಷದೊಳಗಿನ ಮಕ್ಕಳಲ್ಲಿ ಟೈಪ್ 1 ಮಧುಮೇಹ ಮತ್ತು ಗೋಧಿಯ ಅಂಶ ಒಗ್ಗದ ಸೀಲಿಯಾಕ್ ರೋಗವನ್ನು ಪತ್ತೆಹಚ್ಚುವ ರಾಷ್ಟ್ರೀಯ ಯೋಜನೆಗೆ ಕಾನೂನನ್ನೇ ರೂಪಿಸಿತು. ಇಂತಹ ಕಾನೂನು ಮಾಡಿದ ಮೊದಲ ದೇಶ ಅದು. ದೇಶವಿಡೀ ವಿಸ್ತರಿಸುವ ಮುನ್ನ ಲೊಂಬಾರ್ಡಿ, ಮಾರ್ಕೆ, ಕಂಪಾನಿಯ, ಸಾರ್ಡೀನಿಯ ಎಂಬ ನಾಲ್ಕು ಪ್ರಾಂತಗಳಲ್ಲಿ ಪ್ರಾಯೋಗಿಕವಾಗಿ ನಡೆಸಲಾಯಿತು. ಮಗುವಿನ ಆರೋಗ್ಯ ತಂದೆಯ ಕಿಸೆಯನ್ನು ಅವಲಂಬಿಸಬಾರದು ಎಂಬ ನಿಲುವು ಆ ಕಾನೂನಿನ ಹಿಂದಿದೆ. ಈ ನಿಲುವಿಗೆ ನಮ್ಮ ಸಂಪೂರ್ಣ ಸಹಮತವಿದೆ.

ಹಾಗಾದರೆ ನಮ್ಮಲ್ಲೂ ಅದೇ ಆಗಲಿ ಎನ್ನೋಣವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಂದೇ ಆಗಲಿ ಎನ್ನಲು ನಾವು ಸಿದ್ಧರಿಲ್ಲ. ಭಾರತದಲ್ಲಿ ಈ ರೋಗವಿರುವ ಮಕ್ಕಳು ಮತ್ತು ಹದಿಹರೆಯದವರ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚೆಂದು ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಅಂದಾಜಿಸಿತ್ತು. ಪ್ರಪಂಚದಲ್ಲೇ ಅತಿ ಹೆಚ್ಚು. ಆದರೆ 2013ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ 30 ಆರೋಗ್ಯ ಸಮಸ್ಯೆಗಳ ಪಟ್ಟಿ ಮಾಡಿದಾಗ ಅದರಲ್ಲಿ ಮಧುಮೇಹ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಟೈಪ್ 1 ಮಧುಮೇಹದ ಚಿಕಿತ್ಸೆಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದ್ದು 2022ರಲ್ಲಿ. ರೋಗವಿರುವ ಮಗುವಿಗೇ ಇನ್ಸುಲಿನ್, ಸೂಜಿ, ಸಕ್ಕರೆ ಅಳೆಯುವ ಪಟ್ಟಿಗಳ ಖರ್ಚನ್ನು ತಂದೆ ಸಾಲ ಮಾಡಿ ಭರಿಸುವಾಗ, ರೋಗ ಬರಲಿರುವ ಮಗುವನ್ನು ಹುಡುಕಿ ಏನು ಹೇಳುವುದು? ಯಾರು ಅದನ್ನು ಆರು ತಿಂಗಳಿಗೊಮ್ಮೆ ನೋಡುವುದು? ಬವೇರಿಯಾದಲ್ಲಿ ಫಲ ಕೊಟ್ಟದ್ದು ಪರೀಕ್ಷೆ ಮಾತ್ರವಲ್ಲ, ಪರೀಕ್ಷೆಯ ಮರುದಿನದಿಂದ ಆರಂಭವಾದ ಒಡನಾಟ. ಅದಿಲ್ಲದ ತಪಾಸಣಾ ಶಿಬಿರ ಒಂದು ಫೋಟೋ ಕಾರ್ಯಕ್ರಮವಷ್ಟೇ ಆದೀತು. ಅಂತಹ ಶಿಬಿರಗಳಿಗೆ ನಮ್ಮ ಊರುಗಳಲ್ಲಿ ಬರವಿಲ್ಲ.

ಆದರೆ ಸಾಮೂಹಿಕ ತಪಾಸಣೆ ಬೇಡವೆಂದರೆ ಏನೂ ಬೇಡವೆಂದಲ್ಲ. ಈ ರೋಗ ಬರುವ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಂದಿಯ ಕುಟುಂಬದಲ್ಲಿ ಯಾರಿಗೂ ಅದು ಇರುವುದಿಲ್ಲ. ಇವರನ್ನು ಉಳಿಸಬೇಕಾದದ್ದು ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ, ಆಯಾಸ ಎಂಬ ನಾಲ್ಕು ಲಕ್ಷಣಗಳ ಅರಿವು ಮತ್ತು ಬೆರಳ ತುದಿಯ ಒಂದು ಹನಿ ರಕ್ತ. ಈ ಹನಿಯ ಪರೀಕ್ಷೆಗೆ ಕೆಲವು ಹತ್ತು ರೂಪಾಯಿ ಸಾಕು, ಒಂದು ನಿಮಿಷವೂ ಬೇಡ. ವಾಂತಿಯೆಂದು ಬಂದ, ಬಳಲಿದ ಮಗುವಿಗೆ ಡ್ರಿಪ್ ಏರಿಸುವ ಮುನ್ನ ಸಕ್ಕರೆ ನೋಡಿ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ಇದೆ. ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ನಮ್ಮ ಮದ್ರಸಗಳ ಉಸ್ತಾದರಿಗೆ ಈ ನಾಲ್ಕು ಲಕ್ಷಣಗಳನ್ನು ಕಲಿಸಲು ಯಾವ ಬಜೆಟ್ ಬೇಕು?

ಒಂದು ಮಗುವಿಗೆ ರೋಗ ಬಂದಿರುವ ಮನೆಯ ಪ್ರಶ್ನೆ ಬೇರೆ. ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಇದು ಬರುವ ಸಾಧ್ಯತೆ ಇತರ ಮಕ್ಕಳಿಗಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಹಾಗೆಂದು ಗಾಬರಿಯಾಗಬೇಕಿಲ್ಲ. ನೂರು ಮಂದಿ ಒಡಹುಟ್ಟಿದವರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಬರುವುದಿಲ್ಲ. ಆದರೂ ಆ ಮನೆಯಲ್ಲಿ ಸಕ್ಕರೆ ಅಳೆಯುವ ಯಂತ್ರವಿದೆ, ಲಕ್ಷಣಗಳ ಅರಿವಿದೆ, ಸಂಪರ್ಕದಲ್ಲಿರುವ ವೈದ್ಯರಿದ್ದಾರೆ. ವಿಲ್ಸನ್ ಮತ್ತು ಯುಂಗ್ನರ್ ಹೇಳಿದ ಸೌಕರ್ಯಗಳು ಅಲ್ಲಿ ಸ್ವಲ್ಪ ಮಟ್ಟಿಗಾದರೂ ಆಗಲೇ ಇವೆ. ಅಂತಹ ಮನೆಯ ಮಕ್ಕಳಿಗೆ, ಖರ್ಚು ಸಾಧ್ಯವಿದ್ದರೆ, ಪರೀಕ್ಷೆ ಮಾಡಿಸುವುದೇ ಮೇಲೆಂದು ನಾವು ಭಾವಿಸುತ್ತೇವೆ. ಖರ್ಚು ಸಾಧ್ಯವಿಲ್ಲದವರ ಪಾಲಿಗೆ ಸರಕಾರ ಏನು ಮಾಡಬಲ್ಲುದೆಂದು ಕೇಳುವ ಕೆಲಸ ನಮ್ಮ ಜನಪ್ರತಿನಿಧಿಗಳದ್ದು.

ಈಗ ನಾವು ಮಾತಾಡಲು ಹಿಂಜರಿಯುವ ವಿಷಯಕ್ಕೆ ಬರೋಣ. ಆ ತಾಯಿ ಫೋನಿನಲ್ಲಿ ಕೊನೆಗೆ ಹೇಳಿದ ಮಾತು ಇದು: “ಹುಡುಗನಾದರೆ ಹೇಗೋ ನಡೆಯುತ್ತದೆ. ಹುಡುಗಿಯ ವಿಷಯ ಊರಿಗೆಲ್ಲ ಗೊತ್ತಾಗಿ ಹೋಯಿತಲ್ಲ, ನಾಳೆ ಅವಳ ರಿಶ್ತಾ?” ಒಂಬತ್ತು ವರ್ಷದ ಬಾಲಕಿಯ ಬಗ್ಗೆ! ನಮ್ಮ ಮನೆಗಳಲ್ಲಿ ರೋಗಕ್ಕಿಂತ ರೋಗದ ಸುದ್ದಿ ಹೆಚ್ಚು ಭಯಾನಕ. ಹೆಣ್ಣು ಮಗು ಇನ್ಸುಲಿನ್ ತೆಗೆದುಕೊಳ್ಳುತ್ತಾಳೆಂಬ ಕಾರಣಕ್ಕೆ ಮುರಿದು ಬಿದ್ದ ಸಂಬಂಧಗಳನ್ನು ನಾವು ಬಲ್ಲೆವು. ಅದೇ ಭಯದಿಂದ ಮದುವೆಯ ಮನೆಯಲ್ಲಿ ಇನ್ಸುಲಿನ್ ಬಚ್ಚಿಟ್ಟು, ಸರದಿ ತಪ್ಪಿಸಿ, ಅಪಾಯಕ್ಕೆ ಸಿಲುಕಿದ ಹೆಣ್ಣು ಮಕ್ಕಳನ್ನೂ ಬಲ್ಲೆವು. ವರದಕ್ಷಿಣೆಯ ವಿರುದ್ಧ ಭಾಷಣ ಮಾಡುವ ಯುವಕರೇ ‘ಹುಡುಗಿಗೆ ಯಾವ ಕಾಯಿಲೆಯೂ ಇರಕೂಡದು’ ಎಂದು ಷರತ್ತು ಹಾಕುತ್ತಾರೆ. ಇನ್ಸುಲಿನ್ ಸರಿಯಾಗಿ ತೆಗೆದುಕೊಳ್ಳುವ, ವೈದ್ಯರ ನಿಗಾದಲ್ಲಿರುವ ಹೆಣ್ಣು ದುಡಿಯಬಲ್ಲಳು, ಹೆರಬಲ್ಲಳು, ಮೊಮ್ಮಕ್ಕಳನ್ನೂ ಕಾಣಬಲ್ಲಳು. ಇದನ್ನು ಜುಮಾ ಖುತ್ಬಾದಲ್ಲಿ ಹೇಳುವ ಧೈರ್ಯ ಎಷ್ಟು ಖತೀಬರಿಗಿದೆ?

ಇಂತಹ ಸಮಾಜದಲ್ಲಿ ‘ಒಂದನೇ ಹಂತ’ ಎಂಬ ಫಲಿತಾಂಶ ಬಂದ ಮಗುವಿನ ಗತಿ ಏನಾದೀತು? ರೋಗ ಪ್ರಕಟವಾಗುವ ಹತ್ತು ವರ್ಷ ಮುಂಚೆಯೇ ಅದಕ್ಕೆ ಕಳಂಕ ಅಂಟಬಹುದು. ಆದ್ದರಿಂದ ಪರೀಕ್ಷೆಯ ಪರವಾಗಿ ಮಾತಾಡುವವರು ಗೌಪ್ಯತೆಯ ಬಗ್ಗೆಯೂ ಅಷ್ಟೇ ಕಟ್ಟುನಿಟ್ಟಾಗಿ ಮಾತಾಡಬೇಕು. ಮಗುವಿನ ರಕ್ತದ ವರದಿ ಹೆತ್ತವರ ಬಳಿ ಇರುವ ಅಮಾನತ್. ಅದು ಮಗುವಿಗೆ ಸೇರಿದ್ದು. ಕುಟುಂಬದ ವಾಟ್ಸಾಪ್ ಗುಂಪಿಗೆ, ಮೊಹಲ್ಲಾದ ಹರಟೆಗೆ ಅದರ ಮೇಲೆ ಹಕ್ಕಿಲ್ಲ. ಶಾಲೆಯ ಅಧ್ಯಾಪಕರಿಗೆ ತಿಳಿಸಬೇಕಾದ ದಿನ ಬಂದರೆ ತಿಳಿಸೋಣ, ಅದು ಮಗುವಿನ ರಕ್ಷಣೆಗಾಗಿ. ಬೆಳೆದ ಮೇಲೆ ನಿಕಾಹ್‌ನ ಮಾತು ಬಂದಾಗ ಪ್ರಕಟವಾದ ರೋಗವನ್ನು ಮರೆಮಾಚುವುದು ವಂಚನೆಯಾಗುತ್ತದೆ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆರು ವರ್ಷದ ಮಗುವಿನ ಪ್ರತಿಕಾಯದ ಲೆಕ್ಕವನ್ನು ಊರಿಗೆ ಒಪ್ಪಿಸುವ ಹೊಣೆ ಯಾರ ಮೇಲೂ ಇಲ್ಲ.

ಧರ್ಮದ ಹೆಸರಿನಲ್ಲಿ ಎತ್ತುವ ಆಕ್ಷೇಪಗಳ ಬಗ್ಗೆ ದೀರ್ಘವಾಗಿ ಬರೆಯುವ ಅಗತ್ಯ ಕಾಣುವುದಿಲ್ಲ. ಮುಂದಿನದನ್ನು ತಿಳಿಯ ಹೊರಡುವುದು ಗೈಬ್‌ನಲ್ಲಿ ಕೈ ಹಾಕಿದಂತೆ ಎಂದು ಒಬ್ಬ ಹಿರಿಯರು ನಮ್ಮೊಡನೆ ವಾದಿಸಿದರು. ರಕ್ತದಲ್ಲಿ ಈಗಾಗಲೇ ಇರುವ ಪ್ರತಿಕಾಯವನ್ನು ನೋಡುವುದು ಭವಿಷ್ಯ ಹೇಳುವುದಲ್ಲ. ಮೋಡ ನೋಡಿ ಕೊಡೆ ಹಿಡಿಯುವವನು ಜ್ಯೋತಿಷಿಯಾಗುವುದಿಲ್ಲ. ತವಕ್ಕುಲ್ ಎಂದರೆ ಕೈಕಟ್ಟಿ ಕುಳಿತುಕೊಳ್ಳುವುದು ಎಂದು ನಮಗೆ ಮದ್ರಸದಲ್ಲಿ ಯಾವ ಉಸ್ತಾದರೂ ಕಲಿಸಿಲ್ಲ. ಇನ್ಸುಲಿನ್‌ನಲ್ಲಿ ಹಂದಿಯ ಅಂಶವಿದೆ ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಒಂದು ಕಾಲದಲ್ಲಿ ದನ ಮತ್ತು ಹಂದಿಯ ಗ್ರಂಥಿಗಳಿಂದ ಅದನ್ನು ತೆಗೆಯುತ್ತಿದ್ದದ್ದು ನಿಜ. 1982ರಲ್ಲಿ ಸೂಕ್ಷ್ಮಜೀವಿಗಳ ಮೂಲಕ ಮಾನವ ಇನ್ಸುಲಿನ್ ತಯಾರಿಸುವ ವಿಧಾನಕ್ಕೆ ಅಮೆರಿಕದಲ್ಲಿ ಅಂಗೀಕಾರ ಸಿಕ್ಕಿತು. ಇಂದು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಪ್ರಯೋಗಾಲಯದಲ್ಲಿ ಹೀಗೆ ತಯಾರಾದ ಇನ್ಸುಲಿನ್‌ಗಳನ್ನು. ನಲುವತ್ತು ವರ್ಷ ಹಳೆಯ ಮಾಹಿತಿಯನ್ನು ನಂಬಿ ಮಗುವಿನ ಸೂಜಿ ನಿಲ್ಲಿಸುವವರು ಅಲ್ಲಾಹನ ಮುಂದೆ ಏನು ಉತ್ತರಿಸುತ್ತಾರೆ?

ಶಾಲೆಗಳ ವಿಷಯದಲ್ಲಿ ಸ್ವಲ್ಪ ಬೆಳಕು ಕಾಣುತ್ತಿದೆ. ಟೈಪ್ 1 ಮಧುಮೇಹವಿರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಯ ಕೊಠಡಿಗೆ ಮಾತ್ರೆ, ಹಣ್ಣು, ತಿಂಡಿ ಒಯ್ಯಬಹುದೆಂದು ಸಿಬಿಎಸ್ಇ 2017ರಲ್ಲಿ ಸುತ್ತೋಲೆ ಹೊರಡಿಸಿತು. ತರಗತಿಯಲ್ಲೇ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಸಮುದಾಯದ ಆಡಳಿತದಲ್ಲಿರುವ ನಮ್ಮ ವಿದ್ಯಾಸಂಸ್ಥೆಗಳ ಪೈಕಿ ಎಷ್ಟು ಈ ಪತ್ರವನ್ನು ಓದಿವೆ ಎಂದು ಸಂಬಂಧಪಟ್ಟವರು ತಮ್ಮನ್ನೇ ಕೇಳಿಕೊಳ್ಳಲಿ. ರಮಝಾನ್‌ನಲ್ಲಿ ಹಠ ಹಿಡಿದು ಉಪವಾಸ ಹಿಡಿಯುವ ಇಂತಹ ಮಕ್ಕಳಿಗೆ ‘ಶಹಬ್ಬಾಸ್’ ಹೇಳುವ ಮುನ್ನ ಅವರ ವೈದ್ಯರನ್ನು ಕೇಳುವುದೂ ಒಳ್ಳೆಯದು.

ಆ ತಾಯಿಗೆ ನಾವು ಇಷ್ಟನ್ನೂ ಒಂದೇ ದಿನ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು: ಪರೀಕ್ಷೆ ಮಾಡಿಸಿ, ಆದರೆ ಫಲಿತಾಂಶ ಏನೇ ಬಂದರೂ ಮರುದಿನ ಯಾರ ಬಳಿ ಹೋಗುವಿರಿ ಎಂದು ಮೊದಲು ವೈದ್ಯರೊಡನೆ ಮಾತಾಡಿಕೊಳ್ಳಿ. ಅವರು ಮಾತಾಡಿಕೊಂಡರು. ಹಲವು ವಾರಗಳ ನಂತರ ಹುಡುಗನ ರಕ್ತವನ್ನು ದೊಡ್ಡ ನಗರದ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಕೆಲವು ಸಾವಿರ ರೂಪಾಯಿಗಳ ಖರ್ಚನ್ನು ಮಾಮಾ ಭರಿಸಿದರು. ನಾನಿ ಅಂದು ಆಸ್ಪತ್ರೆಗೆ ಬರಲಿಲ್ಲ, ಮನೆಯಲ್ಲೇ ಎರಡು ರಕಅತ್ ನಮಾಝ್ ಮಾಡಿ ದುವಾ ಮಾಡುತ್ತಾ ಕುಳಿತಿದ್ದರಂತೆ.

ಫಲಿತಾಂಶ ಏನು ಬಂತೆಂದು ನಾವು ಇಲ್ಲಿ ಬರೆಯುವುದಿಲ್ಲ. ಅದು ಆ ಹುಡುಗನಿಗೆ ಸೇರಿದ ವಿಷಯ. ಮೊನ್ನೆ ಅವರ ಮನೆಗೆ ಹೋದಾಗ ಅಕ್ಕ ತನ್ನ ಬೆರಳು ಚುಚ್ಚಿಕೊಂಡು ಸಕ್ಕರೆ ನೋಡುತ್ತಿದ್ದಳು. ಪಕ್ಕದಲ್ಲಿ ಕನ್ನಡಕ ಏರಿಸಿ ಕುಳಿತಿದ್ದ ನಾನಿ ಆ ಅಂಕಿಯನ್ನು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.